ಪ್ರಯೋಗ ಮುಗಿಯಿತು, ಬರೆಯುವುದು ಹೇಗೆ ಸಾರ್?

ಕಳೆದ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಹಳೆಯ ವಿದ್ಯಾರ್ಥಿನಿ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ಕನ್ನಡ ಮಾಧ್ಯಮದ ಹತ್ತನೇ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಈಗ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ. ವಿದ್ಯಾರ್ಥಿನಿ. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಮುಖದಲ್ಲಿ ಮಾತ್ರ ಫಲಿತಾಂಶದ ದಿನ ನೋಟೀಸ್ ಬೋರ್ಡಿನಲ್ಲಿ ತನ್ನ ನಂಬರು ಕಾಣದೆ ನಿಂತವರ ಕಳೆ.

"ಸಾರ್, ಮೂರು ವರ್ಷ ಪ್ರಯೋಗ ಮಾಡಿದೆ. ಅದೇನೋ ಆಯ್ತು. ಅದನ್ನ ಬರೆಯೋದಕ್ಕೆ ಒಂದು ವರ್ಷದಿಂದ ಒದ್ದಾಡ್ತಿದೀನಿ" ಎಂದಳು.

ಅವಳ ವಿಷಯ ನನಗೂ ಹತ್ತಿರದ್ದೇ. ನಮ್ಮ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಬಣ್ಣದ ಗೆರೆ ಮೂಡುತ್ತದೆ. ಈ ಹುಡುಗಿಯೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದವಳೇ. ಹುಣಸೆಬೀಜ ಸುಟ್ಟ ಇದ್ದಿಲಿನಿಂದ ನೀರಿನ ಫ್ಲೋರೈಡನ್ನು ಎಷ್ಟು ತೆಗೆಯಬಹುದು ಎಂಬುದೇ ಅವಳ ಸಂಶೋಧನೆ.

"ಗೈಡ್ ಏನಂದ್ರಮ್ಮಾ?" ಎಂದೆ.

"ಬರ್ಕೊಂಡು ಬಾ, ನೋಡೋಣ ಅಂದ್ರು. ಬರ್ಕೊಂಡು ಹೋದೆ. ಇಂಗ್ಲಿಷ್ ಸರಿಯಿಲ್ಲ, ತಿದ್ಕೊಂಡು ಬಾ ಅಂದ್ರು."

"ಎಲ್ಲಿ ಸರಿಯಿಲ್ಲ ಅಂತ?"

"ಅದನ್ನ ಹೇಳ್ಲಿಲ್ಲ ಸಾರ್."

ಕೊನೆಗೆ ತಾನೇ ಧೈರ್ಯ ಮಾಡಿ ಒಂದು ಜರ್ನಲ್‌ಗೆ ಕಳಿಸಿದ್ದಾಳೆ. ಎರಡೇ ಸಾಲಿನ ಉತ್ತರದೊಂದಿಗೆ ವಾಪಸು ಬಂದಿದೆ. ಭಾಷೆ ಕಳಪೆ, ಹೊಸತೇನೆಂದು ತಿಳಿಯುತ್ತಿಲ್ಲ. ಅದರ ಬೆನ್ನಲ್ಲೇ ಅವಳು ಹೆಸರನ್ನೇ ಕೇಳಿರದ ಇನ್ನೊಂದು ಜರ್ನಲ್‌ನಿಂದ ಪತ್ರ. ಹಣ ಕಟ್ಟಿದರೆ ಮೂರೇ ದಿನದಲ್ಲಿ ಅಚ್ಚು! "ಅಪ್ಪ ದುಡ್ಡು ಹೊಂದಿಸ್ತೀನಿ ಅಂತಿದಾರೆ. ಕೊಟ್ಟುಬಿಡ್ಲಾ ಸಾರ್?" ಎಂದು ಕೇಳುವುದಕ್ಕೇ ಅವಳು ಬಂದದ್ದು.

ನಾನು ಬಿ.ಎಸ್ಸಿ., ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಂಡು ಬಂದವನು. ಜನ್ಮದಲ್ಲಿ ಒಂದು ಸಂಶೋಧನಾ ಲೇಖನವನ್ನೂ ಬರೆದವನಲ್ಲ. ಆದರೂ ಫೈಲು ಬಿಚ್ಚಿಸಿ ಓದಲು ಕೂತೆ.

ಹನ್ನೊಂದನೇ ಪುಟದ ರಹಸ್ಯ

ಲೇಖನ ಶುರುವಾಗುತ್ತಿದ್ದದ್ದು 'ನೀರು ಜೀವಾಮೃತ' ಎಂಬ ವಾಕ್ಯದಿಂದ. ನಂತರ ಭೂಮಿಯ ಮೇಲೆ ನೀರೆಷ್ಟಿದೆ, ಅದರಲ್ಲಿ ಸಿಹಿನೀರೆಷ್ಟು, ಫ್ಲೋರಿನ್ನಿನ ಪರಮಾಣು ಸಂಖ್ಯೆ ಎಷ್ಟು. ಹೀಗೆ ನಾಲ್ಕು ಪುಟ. ಆಮೇಲೆ ಕೋಷ್ಟಕಗಳ ಸಾಲು. ಹನ್ನೊಂದನೇ ಪುಟದ ಕೊನೆಯಲ್ಲಿ, ಒಂದು ಆವರಣ ಚಿಹ್ನೆಯೊಳಗೆ ಒಂದು ಮಾತಿತ್ತು: ಒಮ್ಮೆ ಬಳಸಿದ ಇದ್ದಿಲನ್ನು ಸಾಮಾನ್ಯ ಸುಣ್ಣದ ತಿಳಿಯಲ್ಲಿ ನೆನೆಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

"ಇದು ನೀನೇ ಕಂಡುಕೊಂಡದ್ದಾ?"

"ಹೂಂ ಸಾರ್. ನಾನು ಓದಿದ ಪೇಪರುಗಳಲ್ಲೆಲ್ಲೂ ಇರ್ಲಿಲ್ಲ."

"ಮತ್ತೆ ಇದನ್ಯಾಕೆ ಬಚ್ಚಿಟ್ಟಿದೀಯಾ?"

ಹುಡುಗಿ ಕಣ್ಣುಕಣ್ಣು ಬಿಟ್ಟಳು. ಅವಳ ಪ್ರಯೋಗದಲ್ಲಿ ಕೊರತೆ ಇರಲಿಲ್ಲ. ವ್ಯಾಕರಣದ ತಪ್ಪುಗಳಿದ್ದವು, ನಿಜ. ಆದರೆ ಅಸಲು ತೊಂದರೆ ಅದಲ್ಲ. ಓದುವವನಿಗೆ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬ್ಯುರೆಟ್ ಹಿಡಿಯುವುದನ್ನು ಕಲಿಸಿದ್ದರು, ಲಕ್ಷಗಟ್ಟಲೆ ಬೆಲೆಯ ಯಂತ್ರ ನಡೆಸುವುದನ್ನೂ ಕಲಿಸಿದ್ದರು. ಪೆನ್ನು ಹಿಡಿಯುವುದನ್ನು ಮಾತ್ರ ತಾನಾಗಿಯೇ ಬರುತ್ತದೆ ಎಂದು ಬಿಟ್ಟಿದ್ದರು.

ಬರೆದವರಿಗೇ ಬೆಲೆ

ವಿಜ್ಞಾನದಲ್ಲಿ ಕಂಡುಹಿಡಿಯುವುದು ಅರ್ಧ ಕೆಲಸ. ಹೇಳುವುದು ಇನ್ನರ್ಧ. ಪ್ರತಿ ಫೆಬ್ರವರಿ 28ರಂದು ನಾವು ವಿಜ್ಞಾನ ದಿನ ಆಚರಿಸುತ್ತೇವೆ. 1928ರ ಆ ದಿನ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡರು ಎಂದು ಮಕ್ಕಳಿಗೆ ಹೇಳುತ್ತೇವೆ. ಆಮೇಲೆ ಅವರೇನು ಮಾಡಿದರೆಂದು ಹೇಳುವುದಿಲ್ಲ.

ರಾಮನ್ ಸುಮ್ಮನೆ ಕೂರಲಿಲ್ಲ. ಮರುದಿನವೇ ಪತ್ರಿಕೆಗಳಿಗೆ ಸುದ್ದಿ ಕೊಟ್ಟರು. ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲೇ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ 'ಒಂದು ಹೊಸ ವಿಕಿರಣ' ಎಂಬ ಉಪನ್ಯಾಸ ಮಾಡಿದರು. ಅದನ್ನು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚು ಹಾಕಿಸಿ ವಿದೇಶದ ವಿಜ್ಞಾನಿಗಳಿಗೆ ಪ್ರತಿಗಳನ್ನು ರವಾನಿಸಿದರು. ಇತ್ತ ಕೆ.ಎಸ್. ಕೃಷ್ಣನ್ ಜತೆಗೂಡಿ ಬರೆದ ಪುಟ್ಟ ಟಿಪ್ಪಣಿ ಅದೇ ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲಿ ಬಂತು. ಅದೇ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ಇಬ್ಬರು ಹರಳುಗಳಲ್ಲಿ ಇದೇ ವಿದ್ಯಮಾನವನ್ನು ನೋಡಿದ್ದರು. ಅವರ ಲೇಖನ ಹೊರಬಂದದ್ದು ಕೆಲವು ತಿಂಗಳ ನಂತರ. 1930ರ ನೊಬೆಲ್ ರಾಮನ್ನರ ಪಾಲಿಗೆ ಬಂತು. ಕಣ್ಣಿನಷ್ಟೇ ಲೇಖನಿಯೂ ಚುರುಕಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಉದ್ದ ಬರೆದರೆ ದೊಡ್ಡ ವಿಜ್ಞಾನ ಎಂದೂ ಅಲ್ಲ. ಡಿ.ಎನ್.ಎ.ಯ ಜೋಡಿಸುರುಳಿ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಲೋಕಕ್ಕೆ ತಿಳಿಸಿದ ಲೇಖನ ಒಂದು ಪುಟಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ರೆಕಾರ್ಡ್ ಪುಸ್ತಕದ ಪಾಪ

ಹಾಗಾದರೆ ನಮ್ಮ ಮಕ್ಕಳು ಎಡವುವುದು ಎಲ್ಲಿ? ಇಲ್ಲಿ ನಾನು ನನ್ನ ತಪ್ಪನ್ನೇ ಮೊದಲು ಒಪ್ಪಿಕೊಳ್ಳಬೇಕು.

ವೈಜ್ಞಾನಿಕ ಲೇಖನಕ್ಕೊಂದು ಸಿದ್ಧ ಚೌಕಟ್ಟಿದೆ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಯಾಕೆ ಮಾಡಿದೆ, ಹೇಗೆ ಮಾಡಿದೆ, ಏನು ಸಿಕ್ಕಿತು, ಅದರ ಅರ್ಥವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ. ಶಾಲೆಯ ರೆಕಾರ್ಡ್ ಪುಸ್ತಕವನ್ನು ನೆನಪಿಸಿಕೊಳ್ಳಿ. ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ. ಹೆಚ್ಚು ಕಡಿಮೆ ಅದೇ ಅಲ್ಲವೆ? ಅಂದರೆ ಹದಿನಾಲ್ಕನೇ ವಯಸ್ಸಿಗೇ ಮಗುವಿನ ಕೈಗೆ ನಾವು ಸಂಶೋಧನಾ ಲೇಖನದ ಅಚ್ಚನ್ನು ಕೊಟ್ಟಿರುತ್ತೇವೆ.

ಆದರೆ ಆ ಅಚ್ಚಿನಲ್ಲಿ ಎರೆಯುವುದೇನು? ಪ್ರಯೋಗ ಮಾಡುವ ಮೊದಲೇ ತೀರ್ಮಾನವನ್ನು ಕಪ್ಪುಹಲಗೆಯ ಮೇಲೆ ನಾನೇ ಬರೆದುಬಿಡುತ್ತಿದ್ದೆ. ಮಕ್ಕಳು ಕಾಪಿ ಮಾಡುತ್ತಿದ್ದರು. ಲೋಲಕದ ಪ್ರಯೋಗದಲ್ಲಿ ಯಾವನಾದರೂ ಹುಡುಗನಿಗೆ ಬೇರೆ ಅಂಕಿ ಬಂದರೆ 'ಪಕ್ಕದವನದು ನೋಡಿ ಬರಿ' ಎಂದದ್ದೂ ಉಂಟು. ಸಿಲಬಸ್ ಮುಗಿಯಬೇಕು, ರೆಕಾರ್ಡಿಗೆ ಸಹಿ ಆಗಬೇಕು, ತನಿಖೆಗೆ ಬಂದವರು ನೋಡಬೇಕು. ಹೀಗೆ ಹತ್ತು ವರ್ಷ ನಕಲು ಮಾಡಿಸಿ, ಪಿಎಚ್.ಡಿ.ಗೆ ಹೋದ ಮೇಲೆ ಇದ್ದಕ್ಕಿದ್ದಂತೆ 'ಸ್ವಂತವಾಗಿ ಬರೆ, ಕದ್ದರೆ ಶಿಕ್ಷೆ' ಎಂದರೆ ಆ ಮಗು ಏನು ಮಾಡೀತು?

ಕೇಳಿದ್ದು ಪೇಪರ್, ಕಲಿಸಿದ್ದು?

ಇನ್ನು ವಿಶ್ವವಿದ್ಯಾಲಯಗಳ ಕಥೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2016ರಲ್ಲಿ ಒಂದು ನಿಯಮ ಮಾಡಿತು. ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮೊದಲು ಪರಿಶೀಲನೆಗೊಳಪಡುವ ಜರ್ನಲ್‌ನಲ್ಲಿ ಕನಿಷ್ಠ ಒಂದು ಲೇಖನ ಪ್ರಕಟವಾಗಿರಬೇಕು, ಎರಡು ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿರಬೇಕು. ಉದ್ದೇಶ ಒಳ್ಳೆಯದೇ. ಆದರೆ ಬರೆಯಲು ಕಲಿಸದೆ ಬರೆದದ್ದನ್ನು ಕೇಳಿದರೆ ಏನಾಗುತ್ತದೋ ಅದೇ ಆಯಿತು. ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಅಂಗಡಿಗಳು ಬೀದಿಬೀದಿಯಲ್ಲಿ ತೆರೆದುಕೊಂಡವು. ಇವಕ್ಕೆ ಇಂಗ್ಲಿಷಿನಲ್ಲಿ ಬೇಟೆಗಾರ ಪ್ರಾಣಿಯ ಹೆಸರಿದೆ, 'ಪ್ರೆಡೇಟರಿ' ಜರ್ನಲ್‌ಗಳು ಅಂತ.

ಬೆಂಗಳೂರಿನಿಂದ 1932ರಿಂದ ಹೊರಬರುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 2018ರಲ್ಲಿ ಒಂದು ಅಧ್ಯಯನ ಬಂತು. ಯುಜಿಸಿ ಒಪ್ಪಿದ್ದ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಸೇರಿಸಿದ್ದ ಜರ್ನಲ್‌ಗಳ ಮಾದರಿಯನ್ನು ಪರೀಕ್ಷಿಸಿದಾಗ ಶೇಕಡಾ 88ಕ್ಕೂ ಹೆಚ್ಚು ಕಳಪೆಯವು ಇರಬಹುದೆಂದು ಅದು ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. 2019ರಲ್ಲಿ 'ಕೇರ್' ಎಂಬ ಹೊಸ ಪಟ್ಟಿ ಮಾಡಿತು. 2025ರಲ್ಲಿ ಅದನ್ನೂ ಕೈಬಿಟ್ಟು, ಜರ್ನಲ್‌ಗಳ ಯೋಗ್ಯತೆಯನ್ನು ನೀವೇ ಅಳೆದುಕೊಳ್ಳಿ ಎಂದು ಸಂಸ್ಥೆಗಳಿಗೆ ಹೇಳಿತು. ಲೇಖನ ಕಡ್ಡಾಯ ಎಂಬ ನಿಯಮವಂತೂ 2022ರಲ್ಲೇ ಹೋಗಿತ್ತು.

ನಕಲಿನ ಮೇಲೂ ಕಾನೂನು ಬಂತು. 2018ರ ನಿಯಮದಂತೆ ಬರಹದಲ್ಲಿ ಬೇರೆಯವರದರ ಹೋಲಿಕೆ ಶೇಕಡಾ 10ರೊಳಗಿದ್ದರೆ ದಂಡವಿಲ್ಲ. 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ಮೀರಿದರೆ ಪಿಎಚ್.ಡಿ. ನೋಂದಣಿಯೇ ರದ್ದು. 2019ರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಕುರಿತು 30 ಗಂಟೆಗಳ, 2 ಕ್ರೆಡಿಟ್‌ಗಳ ಕೋರ್ಸನ್ನು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಲಾಯಿತು. ಅದರಲ್ಲಿ ಕಳ್ಳ ಜರ್ನಲ್ ಗುರುತಿಸುವುದು, ಕೃತಿಚೌರ್ಯ, ಲೇಖನಗಳ ಅಂಕಿ ಅಂಶ ಎಲ್ಲ ಇದೆ. ಬೇಕಾದದ್ದೇ. ಆದರೆ ಅದು 'ಹೀಗೆ ಬರೆಯಬೇಡ' ಎಂದು ಹೇಳುವ ಪಾಠ. 'ಹೀಗೆ ಬರೆ' ಎಂದು ಪಕ್ಕದಲ್ಲಿ ಕೂತು ಹೇಳುವ ಪಾಠ ಬೇರೆಯೇ. ಈಜು ಕಲಿಯಬೇಕಾದವನಿಗೆ ಮುಳುಗುವುದು ಅಪಾಯ ಎಂದು 30 ಗಂಟೆ ಭಾಷಣ ಮಾಡಿದರೆ ಈಜು ಬಂದೀತೆ?

ಗೈಡ್‌ಗಳನ್ನು ದೂರಿ ಪ್ರಯೋಜನವಿಲ್ಲ. ಒಬ್ಬ ಪ್ರಾಧ್ಯಾಪಕರ ಬಳಿ ಎಂಟು ಮಂದಿಯವರೆಗೆ ಪಿಎಚ್.ಡಿ. ವಿದ್ಯಾರ್ಥಿಗಳಿರಬಹುದೆನ್ನುತ್ತದೆ ನಿಯಮ. ಜತೆಗೆ ಪಾಠ, ಪರೀಕ್ಷೆ, ಮೌಲ್ಯಮಾಪನ, ಕಮಿಟಿಗಳು. ಮೇಲಾಗಿ ಅವರಿಗೂ ಯಾರೂ ಕಲಿಸಿರಲಿಲ್ಲ. ಬಿದ್ದು ಎದ್ದು ಕಲಿತವರು ಅವರೂ.

ಎರಡು ಭಾಷೆಯ ನಡುವೆ

ನಮ್ಮ ಹುಡುಗಿಯ ಕಷ್ಟ ಅವಳೊಬ್ಬಳದಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತತ್ಸುಯಾ ಅಮಾನೊ ಮತ್ತು ಸಂಗಡಿಗರು 2023ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ನೇಪಾಳ, ಬಾಂಗ್ಲಾದೇಶ, ಜಪಾನ್ ಸೇರಿ ಎಂಟು ದೇಶಗಳ 908 ಪರಿಸರ ವಿಜ್ಞಾನಿಗಳನ್ನು ಅವರು ಕೇಳಿದ್ದರು. ಇಂಗ್ಲಿಷ್ ಮನೆಮಾತಲ್ಲದ ಕಿರಿಯ ಸಂಶೋಧಕರಿಗೆ ಒಂದು ಲೇಖನ ಬರೆಯಲು ಶೇಕಡಾ 51ರವರೆಗೆ ಹೆಚ್ಚು ಸಮಯ ಬೇಕು. ಭಾಷೆಯ ಕಾರಣಕ್ಕೆ ಲೇಖನ ತಿರಸ್ಕೃತವಾಗುವುದು ಅವರಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚು. ಭಾಷೆ ತಿದ್ದಿ ಕಳಿಸಿ ಎನ್ನಿಸಿಕೊಳ್ಳುವುದು ಹನ್ನೆರಡು ಪಟ್ಟಿಗೂ ಹೆಚ್ಚು!

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರ ತೊಡಕೇ ಬೇರೆ. ನಮ್ಮ ಹುಡುಗಿಯ ಒಂದು ವಾಕ್ಯ ನೋಡಿ. 'ಇದ್ದಿಲನ್ನು ತೊಳೆದು, ಒಣಗಿಸಿ, ನೀರಿಗೆ ಹಾಕಿ, ಅಲುಗಿಸಿ, ಸೋಸಿದಾಗ ಫ್ಲೋರೈಡ್ ಕಡಿಮೆಯಾಯಿತು.' ಕನ್ನಡದಲ್ಲಿ ಎಷ್ಟು ಸಲೀಸು! ತೊಳೆದವರು ಯಾರು ಎಂದು ಯಾರೂ ಕೇಳುವುದಿಲ್ಲ. ಇದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ತಂದರೆ ಇದ್ದಿಲನ್ನು ತೊಳೆದು ಒಣಗಿಸಿದ್ದು ಫ್ಲೋರೈಡೇ ಎಂಬ ಅರ್ಥ ಬರುತ್ತದೆ. ಓದಿದ ರೆಫರಿ ನಕ್ಕಿರಬೇಕು, ಇಲ್ಲವೇ ಸಿಟ್ಟಾಗಿರಬೇಕು. ಹುಡುಗಿಯನ್ನು ಬೈದರೆ ಇದು ಸರಿಹೋಗುವುದಿಲ್ಲ. ಎರಡು ಭಾಷೆಗಳ ನಡೆ ಬೇರೆ ಬೇರೆ ಎಂದು ಒಮ್ಮೆ ತೋರಿಸಿಕೊಟ್ಟರೆ ಸಾಕು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜಾರ್ಜ್ ಗೋಪನ್ ಎಂಬ ಅಧ್ಯಾಪಕರು ಜುಡಿತ್ ಸ್ವಾನ್ ಜತೆ 1990ರಲ್ಲಿ 'ಅಮೆರಿಕನ್ ಸೈಂಟಿಸ್ಟ್' ಪತ್ರಿಕೆಗೆ ಬರೆದ ಲೇಖನವನ್ನು ಈಗಲೂ ಜನ ಹುಡುಕಿ ಓದುತ್ತಾರೆ. ಅವರ ಮಾತಿನ ಸಾರ ಸರಳ. ಓದುಗ ಕೆಲವನ್ನು ಕೆಲವು ಜಾಗದಲ್ಲೇ ನಿರೀಕ್ಷಿಸುತ್ತಾನೆ. ಕರ್ತೃವಿನ ಹಿಂದೆಯೇ ಕ್ರಿಯಾಪದ ಬರಲಿ. ಗೊತ್ತಿರುವುದು ವಾಕ್ಯದ ಮೊದಲಿಗೆ, ಹೊಸದು ಕೊನೆಗೆ ಇರಲಿ. ಇಷ್ಟನ್ನು ಹೇಳಿಕೊಡಲು ಎಷ್ಟು ಹೊತ್ತು ಬೇಕು?

ಭಾಷೆಯ ವಿಷಯದಲ್ಲಿ ನೆರವು ಪಡೆಯುವುದು ನಾಚಿಕೆಯೂ ಅಲ್ಲ. 1924ರಲ್ಲಿ ಢಾಕಾದ ಸತ್ಯೇಂದ್ರನಾಥ ಬೋಸರು ತಮ್ಮ ಲೇಖನವನ್ನು ಐನ್‌ಸ್ಟೈನರಿಗೆ ಕಳಿಸಿದರು. ಅವರು ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ ಅಚ್ಚು ಹಾಕಿಸಿದರು. ಬೋಸರ ಹಿರಿಮೆ ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಬೇರೆಡೆ ಏನಿದೆ?

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ 'ರೈಟಿಂಗ್ ಸೆಂಟರ್' ಎಂಬ ಕೋಣೆಗಳಿವೆ. ಆಸ್ಪತ್ರೆಯ ಹೊರರೋಗಿ ವಿಭಾಗದಂತೆ ಅನ್ನಿ. ವಿದ್ಯಾರ್ಥಿ ತನ್ನ ಕರಡು ಹಿಡಿದು ಹೋಗುತ್ತಾನೆ, ಅಲ್ಲಿರುವವರು ಜತೆಯಲ್ಲಿ ಕೂತು ಓದುತ್ತಾರೆ. ಬರೆದುಕೊಡುವುದಿಲ್ಲ, 'ಇಲ್ಲಿ ನನಗೆ ಅರ್ಥವಾಗಲಿಲ್ಲ' ಎನ್ನುತ್ತಾರೆ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇಂಥ ಲ್ಯಾಬ್ 1976ರಲ್ಲೇ ಶುರುವಾಯಿತು. ಅಲ್ಲಿಯ ಪಾಠಗಳನ್ನು ಇಂದು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಬಿಟ್ಟಿಯಾಗಿ ಓದಬಹುದು. ಹಿಂದುಳಿದ ದೇಶಗಳ ಸಂಶೋಧಕರಿಗೆ ಬರೆಯಲು ನೆರವಾಗುವ 'ಆಥರ್ ಏಡ್' ಎಂಬ ಯೋಜನೆ 2007ರಿಂದ ಇದೆ. ಅನುಭವಿ ವಿಜ್ಞಾನಿಗಳು ಎಲ್ಲೋ ಕೂತು ಎಳೆಯರ ಕರಡು ಓದಿ ಹೇಳುವುದು ಅದರ ಹೂರಣ.

ನಮ್ಮಲ್ಲೂ ಏನೂ ಇಲ್ಲ ಎನ್ನಲಾಗದು. ಸರ್ಕಾರದ 'ಸ್ವಯಂ' ಜಾಲದಲ್ಲಿ ಗಢವಾಲದ ಹೇಮವತಿ ನಂದನ್ ಬಹುಗುಣ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರು ಶೈಕ್ಷಣಿಕ ಬರವಣಿಗೆಯ ಕೋರ್ಸು ನಡೆಸಿದ್ದಾರೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ 'ಅವಸರ್' ಎಂಬ ಸ್ಪರ್ಧೆ ಆರಂಭಿಸಿ, ತಮ್ಮ ಸಂಶೋಧನೆಯನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಬರೆದ ಸಂಶೋಧಕರಿಗೆ ಬಹುಮಾನ ಕೊಟ್ಟಿತು. ಇವೆಲ್ಲ ಒಳ್ಳೆಯವೇ. ಆದರೆ ದೂರದ ಪಾಠಕ್ಕೂ ಪಕ್ಕದಲ್ಲಿ ಕೂತು ಓದುವ ಒಬ್ಬ ಮನುಷ್ಯನಿಗೂ ವ್ಯತ್ಯಾಸವಿದೆ.

ಈಗ ಕೇಳಿದ್ದನ್ನೆಲ್ಲ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಬಂದಿದೆಯಲ್ಲ ಎನ್ನಬಹುದು. ವ್ಯಾಕರಣ ತಿದ್ದಲು ಅದು ಉಪಕಾರಿಯೇ. ಆದರೆ ಯಂತ್ರವನ್ನು ಲೇಖಕನೆಂದು ಒಪ್ಪುವುದಿಲ್ಲ, ಬಳಸಿದರೆ ಹೇಳಬೇಕು ಎಂದು 'ನೇಚರ್' ಪತ್ರಿಕೆ 2023ರಲ್ಲೇ ಸ್ಪಷ್ಟಪಡಿಸಿತು. ಹನ್ನೊಂದನೇ ಪುಟದ ಸುಣ್ಣದ ತಿಳಿಯೇ ಈ ಲೇಖನದ ಜೀವ ಎಂದು ತೀರ್ಮಾನಿಸಬೇಕಾದವಳು ಪ್ರಯೋಗ ಮಾಡಿದ ಹುಡುಗಿಯೇ. ಆ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಿದರೆ ಅವಳು ಕಲಿಯುವುದು ನಿಂತಂತೆ.

ಒಂದು ಕೋಣೆ, ಒಂದು ಶನಿವಾರ

ದೊಡ್ಡ ಕಟ್ಟಡ, ದೊಡ್ಡ ಅನುದಾನ ಏನೂ ಬೇಡ. ವಿಶ್ವವಿದ್ಯಾಲಯಕ್ಕೊಂದು ಕೋಣೆ ಸಾಕು. ವಾರಕ್ಕೊಮ್ಮೆ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕರಡಿನ ಎರಡೇ ಪುಟ ತರಲಿ. ರಸಾಯನಶಾಸ್ತ್ರದವರದನ್ನು ಸಸ್ಯಶಾಸ್ತ್ರದವರು ಓದಲಿ, ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಲಿ. ಇಂಗ್ಲಿಷ್ ವಿಭಾಗದ ಒಬ್ಬ ಅಧ್ಯಾಪಕರು, ನಿವೃತ್ತ ವಿಜ್ಞಾನಿಯೊಬ್ಬರು ಕೂತಿರಲಿ. ಇದನ್ನು ಅವರ ಕೆಲಸದ ಗಂಟೆಗಳಲ್ಲಿ ಲೆಕ್ಕಕ್ಕೆ ಹಿಡಿಯಲಿ. ಹಾಗೆ ಹಿಡಿಯದಿದ್ದರೆ ಎರಡು ತಿಂಗಳಲ್ಲಿ ಕೋಣೆಗೆ ಬೀಗ ಬೀಳುತ್ತದೆ.

ಬರೆಯುವ ಕ್ರಮವನ್ನೂ ಹೇಳಿಕೊಡಬೇಕು. ನಮ್ಮವರು ಪೀಠಿಕೆಯಿಂದ ಶುರುಮಾಡಿ ಅಲ್ಲೇ ಹೂತುಹೋಗುತ್ತಾರೆ. ಮೊದಲು ಕೋಷ್ಟಕ, ನಕ್ಷೆಗಳನ್ನು ಜೋಡಿಸಿಕೊಳ್ಳುವುದು. ಆಮೇಲೆ ವಿಧಾನ. ಅದು ಸುಲಭ, ಮಾಡಿದ್ದನ್ನು ಹೇಳಿದರಾಯಿತು. ನಂತರ ಫಲಿತಾಂಶ, ಚರ್ಚೆ. ಪೀಠಿಕೆ ಆಮೇಲೆ. ಸಾರಾಂಶ ಮತ್ತು ಶೀರ್ಷಿಕೆ ಕಟ್ಟಕಡೆಗೆ. ಅನುಭವಿಗಳು ಅನುಸರಿಸುವ ದಾರಿ ಸಾಮಾನ್ಯವಾಗಿ ಇದೇ.

ನಾನು ಹುಡುಗಿಗೆ ಹೇಳಿದ್ದು ಇನ್ನೂ ಸಣ್ಣ ಉಪಾಯ. "ಇಂಗ್ಲಿಷ್ ಪಕ್ಕಕ್ಕಿಡು. ನೀನು ಮಾಡಿದ್ದನ್ನ ನಿಮ್ಮ ಅಮ್ಮನಿಗೆ ಕನ್ನಡದಲ್ಲಿ ಐದು ವಾಕ್ಯದಲ್ಲಿ ಹೇಳು ನೋಡೋಣ" ಎಂದೆ. ಸ್ವಲ್ಪ ಯೋಚಿಸಿ ಹೇಳಿದಳು: "ನಮ್ಮ ಬೋರ್‌ವೆಲ್ ನೀರಲ್ಲಿ ಹಲ್ಲು ಕೆಡಿಸೋ ಅಂಶ ಇದೆ. ಹುಣಸೆಬೀಜದ ಇದ್ದಿಲು ಅದನ್ನ ಹೀರುತ್ತೆ. ಇದು ಮೊದಲೇ ಬೇರೆಯವರಿಗೆ ಗೊತ್ತಿತ್ತು. ಆದ್ರೆ ಒಂದು ಸಲ ಬಳಸಿದ ಮೇಲೆ ಬಿಸಾಕಬೇಕಿತ್ತು. ನಾನು ಅದನ್ನ ಸುಣ್ಣದ ತಿಳಿಯಲ್ಲಿ ನೆನೆಸಿ ಮತ್ತೆ ಬಳಸೋ ಹಾಗೆ ಮಾಡಿದೀನಿ."

"ಇದೇ ನಿನ್ನ ಸಾರಾಂಶ. ಇದನ್ನೇ ಇಂಗ್ಲಿಷಿನಲ್ಲಿ ಬರಿ" ಎಂದೆ. 'ನೀರು ಜೀವಾಮೃತ' ಹೋಯಿತು. ನಾಲ್ಕು ಪುಟದ ಪೀಠಿಕೆ ಒಂದು ಪುಟವಾಯಿತು. ಹಣ ಕೇಳಿದ ಜರ್ನಲ್‌ನ ಪತ್ರ ಕಸದ ಬುಟ್ಟಿಗೆ ಹೋಯಿತು. ಅವಳ ವಿಭಾಗದ ಇನ್ನೂ ಮೂವರು ಸೇರಿಕೊಂಡು ಹಾಸ್ಟೆಲಿನ ಊಟದ ಮನೆಯಲ್ಲಿ ಶನಿವಾರ ಸಂಜೆ ಒಬ್ಬರ ಕರಡನ್ನು ಒಬ್ಬರು ಓದಲು ಶುರುಮಾಡಿದರಂತೆ. ವಿಶ್ವವಿದ್ಯಾಲಯ ಮಾಡಬೇಕಾದ್ದನ್ನು ಮಕ್ಕಳೇ ಮಾಡಿಕೊಂಡರು.

ಕಳೆದ ತಿಂಗಳು ಫೋನು ಮಾಡಿದ್ದಳು. ಮರ್ಯಾದಸ್ಥ ಜರ್ನಲ್ಲೊಂದಕ್ಕೆ ಕಳಿಸಿದ್ದ ಲೇಖನಕ್ಕೆ ಇಬ್ಬರು ರೆಫರಿಗಳು ಉತ್ತರ ಬರೆದಿದ್ದಾರೆ. ಇದ್ದಿಲನ್ನು ಎಷ್ಟು ಬಾರಿ ಹೀಗೆ ಬಳಸಬಹುದು, ಸುಣ್ಣದ ಅಂಶ ನೀರಿಗೆ ಬರುವುದಿಲ್ಲವೇ, ಇನ್ನೂ ನಾಲ್ಕು ಪ್ರಯೋಗ ಮಾಡಿ ತೋರಿಸಿ ಎಂದು ಮೂರು ಪುಟಗಳ ಪ್ರಶ್ನೆ. ಅಚ್ಚಾಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆದರೆ ಅವಳ ದನಿಯಲ್ಲಿ ಹಬ್ಬವಿತ್ತು.

"ಸಾರ್, ಈ ಸಲ ಜಗಳ ಆಡಿರೋದು ನನ್ನ ವಿಜ್ಞಾನದ ಜೊತೆ, ನನ್ನ ಇಂಗ್ಲಿಷ್ ಜೊತೆ ಅಲ್ಲ!"

ಫೋನು ಇಟ್ಟ ಮೇಲೆ ನಾನೂ ಒಂದು ತೀರ್ಮಾನಕ್ಕೆ ಬಂದೆ. ಮರುದಿನ ಒಂಬತ್ತನೇ ತರಗತಿಗೆ ಲೋಲಕದ ಪ್ರಯೋಗವಿತ್ತು. ಕಪ್ಪುಹಲಗೆಯ ಮೇಲೆ 'ತೀರ್ಮಾನ' ಎಂದು ಬರೆದು ಕೆಳಗೆ ಖಾಲಿ ಬಿಟ್ಟೆ. ಮಕ್ಕಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮಗೆ ಬಂದಿದ್ದನ್ನೇ ಬರೀಬಹುದಾ?"

"ಅದನ್ನೇ ಬರೀಬೇಕು ಕಣಯ್ಯಾ" ಎಂದೆ.